ಬಡಗುಡ್ಡದವರು ಕರಿ ಉಣ್ಣೆ ಹಾಕಿದ್ದು

ಬಹಳ ಹಿಂದೆ, ಮೃಗಪಕ್ಷಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬಡಗುಡ್ಡ ಎಂಬ ರಾಜ್ಯವಿತ್ತು. ಚಳಿಯ ನಾಡು, ಕುರಿಗಳ ನಾಡು. ಅದಕ್ಕೊಂದು ಕಿರೀಟವೂ ಇತ್ತು. ಆದರೆ ಅಲ್ಲಿನ ಗೌಡರೆಲ್ಲ ಸೇರಿ, ದೊಡ್ಡ ಅರಮನೆಯ ಊಟದ ಆಸೆಗೆ, ಆ ಕಿರೀಟವನ್ನು ಪಕ್ಕದ ತೆಂಕನಾಡಿಗೆ ಒಪ್ಪಿಸಿಬಿಟ್ಟರು. 'ಇನ್ನು ನಾವೂ ನೀವೂ ಒಂದೇ ಮನೆ' ಎಂದು ಎರಡೂ ಕಡೆ ಡಂಗುರ ಹೊಡೆಸಿದರು. ಒಂದೇ ಮನೆಯೇನೋ ಸರಿ, ಬೀಗದ ಕೈ ಮಾತ್ರ ತೆಂಕನಾಡಿನವರ ಸೊಂಟದಲ್ಲಿ!

ತೆಂಕನಾಡಿನ ಮಂತ್ರಿ ಕುಹಕಾಂಗ ದೊಡ್ಡ ಮಾಂತ್ರಿಕ. ಪ್ರತಿ ವರ್ಷ ತನ್ನ ಅಂಗಳದಲ್ಲಿ ಬೇಸಿಗೆಯ ಬಿಸಿಲೇರಿದ ಕೂಡಲೇ, "ಕುರಿಗಳ ಉಣ್ಣೆ ಕತ್ತರಿಸಿ!" ಎಂದು ಡಂಗುರ ಹೊಡೆಸುತ್ತಿದ್ದ. ಬಡಗುಡ್ಡದಲ್ಲಿ ಆಗಿನ್ನೂ ಹುಲ್ಲಿನ ಮೇಲೆ ಹಿಮ. ಆದರೂ ಜನ ಕತ್ತರಿಸುತ್ತಿದ್ದರು. ಬೋಳಾದ ಕುರಿಗಳು ನಡುಗಿ ನಡುಗಿ ಸಾಯುತ್ತಿದ್ದವು. ಉಣ್ಣೆಯೆಲ್ಲ ತೆಂಕನಾಡಿಗೆ ಹೋಗುತ್ತಿತ್ತು. ಅದರಲ್ಲಿ ಒಂದಿಷ್ಟು ಕಂಬಳಿಯಾಗಿ 'ರಾಜರ ದಾನ' ಎಂದು ತಿರುಗಿ ಬರುತ್ತಿತ್ತು. ಜನ ಸಾಲಾಗಿ ನಿಂತು, ಕೈಮುಗಿದು, ತಮ್ಮದೇ ಕುರಿಗಳ ಕಂಬಳಿಯನ್ನು ಈಸಿಕೊಳ್ಳುತ್ತಿದ್ದರು. ಹೇಳಲಿಕ್ಕೇ ನಾಚಿಕೆಯಾಗುತ್ತದೆ.

ಆ ನಾಡಿನಲ್ಲಿ ಮಾಳಿಂಗ ಎಂಬ ಕುರಿಗಾಹಿ ಯುವಕನಿದ್ದ. ತಬ್ಬಲಿಯಾದ ಅವನನ್ನು ಸೋದರತ್ತೆ ಕಲ್ಲವ್ವ ಸಾಕಿದ್ದಳು. ಒಂದು ವರ್ಷ ಅವರ ಹಿಂಡಿನ ಅರ್ಧಕ್ಕರ್ಧ ಕುರಿಗಳು ಹಿಮಕ್ಕೆ ಸತ್ತವು. ಮಾಳಿಂಗ ಕೋಲು ಹಿಡಿದು ನೇರ ತೆಂಕನಾಡಿನ ರಾಜನ ಮುಂದೆ ಹೋಗಿ ನಿಂತ.

"ನಮ್ಮ ಕಿರೀಟ ನಮಗ ಕೊಡ್ರಿ. ನಮ್ಮ ಕುರಿ ಉಣ್ಣಿ ಯಾವಾಗ ಕತ್ತರಿಸಬೇಕು ಅನ್ನೋದನ್ನ ನಾವ ನೋಡ್ಕೋತೀವಿ."

ರಾಜ ಕೆಟ್ಟವನಲ್ಲ. "ನಿಮ್ಮ ಜನ ಬೇಕೆಂದರೆ ಬೇಡವೆನ್ನಲು ನಾನು ಯಾರು?" ಎಂದ.

ಕುಹಕಾಂಗ ನಸುನಕ್ಕ. "ಕೊಡೋಣ ಪ್ರಭು. ಮೊದಲು ನನ್ನ ಮೂರು ಮೃಗಗಳನ್ನು ಗೆಲ್ಲಲಿ."

ಮೊದಲು ಹಿಮದ ಕರಡಿ ಬಂತು. "ನಮ್ಮ ಕಂಬಳಿ ಇಲ್ಲದಿದ್ದರೆ ಸೆಟೆದು ಸಾಯುತ್ತೀರಿ!" ಎಂದು ಗರ್ಜಿಸಿತು.

"ಕಂಬಳಿ ಯಾರ ಕುರೀದು?" ಎಂದ ಮಾಳಿಂಗ. ಕರಡಿ ನಿಂತಲ್ಲೇ ಕರಗಿ ನೀರಾಯಿತು.

ಎರಡನೆಯದಾಗಿ ಹಸಿವಿನ ತೋಳ ಬಂತು. "ನಮ್ಮ ಉಗ್ರಾಣ ಇಲ್ಲದಿದ್ದರೆ ಏನು ತಿನ್ನುತ್ತೀರಿ?" ಎಂದು ಹಲ್ಲು ಕಿರಿಯಿತು.

"ಉಗ್ರಾಣದಾಗಿನ ಬೆಣ್ಣಿ ಯಾವ ನಾಡಿಂದು?" ಎಂದ ಮಾಳಿಂಗ. ತೋಳ ಬಾಲ ಮುದುರಿಕೊಂಡು ಮಾಯವಾಯಿತು.

ಮೂರನೆಯದು ಒಂದು ಪುಟ್ಟ ಗೊರವಂಕ. ಅದು ಮಾಳಿಂಗನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಬಡಗುಡ್ಡಕ್ಕೆ ಹಾರಿ, ಮನೆಮನೆಯ ಒಲೆಯ ಪಕ್ಕ ಕುಳಿತು, ಮೆಲ್ಲಗೆ ಒಂದೇ ಮಾತು ಕೇಳುತ್ತಿತ್ತು: "ನಿಮ್ಮಿಂದ ಆಗುತ್ತದೆಯೇ?"

ಜನರ ಮನಸ್ಸು ತಿಳಿಯಲು ರಾಜ ಊರೂರಿನ ಚಾವಡಿಯಲ್ಲಿ, ಪರದೆಯ ಹಿಂದೆ, ಮುಚ್ಚಿದ ಬುಟ್ಟಿ ಇರಿಸಿದ. ಕಿರೀಟ ಬೇಕೆನ್ನುವವರು ಬಿಳಿ ಉಣ್ಣೆ ಹಾಕಬೇಕು, ಇದ್ದ ಹಾಗೇ ಇರಲಿ ಎನ್ನುವವರು ಕರಿ ಉಣ್ಣೆ. ಮಾಳಿಂಗ ಗಂಟಲು ಹರಿಯುವಂತೆ ಕೂಗುತ್ತ ಊರೂರು ತಿರುಗಿದ. ಹೋದಲ್ಲೆಲ್ಲ ಜನ ಚಪ್ಪಾಳೆ ತಟ್ಟಿದರು. ಕೊನೆಗೆ ತನ್ನ ಸರದಿ ಬಂದಾಗ ಅವನು ಪರದೆಯ ಹಿಂದೆ ಹೋದ. ಗೊರವಂಕ ಬಂದು ಹೆಗಲ ಮೇಲೆ ಕುಳಿತಿತು.

"ಮಾಳಿಂಗ, ನಾಳೆ ಏನಾದರೂ ಕೆಟ್ಟರೆ ಎಲ್ಲರೂ ನಿನ್ನನ್ನೇ ಬೈಯುತ್ತಾರೆ. ನಿನ್ನಿಂದ ಆಗುತ್ತದೆಯೇ?"

ಅವನ ಕೈ ಕರಿ ಉಣ್ಣೆಯನ್ನು ಹಾಕಿತು.

ಬುಟ್ಟಿಗಳನ್ನು ಬೋರಲು ಹಾಕಿದಾಗ ಎಲ್ಲೆಲ್ಲೂ ಕಪ್ಪು ರಾಶಿ! "ನೋಡಿದಿರಾ ಪ್ರಭು, ಅವರೇ ಬೇಡವೆಂದರು" ಎಂದ ಕುಹಕಾಂಗ. ಬಡಗುಡ್ಡದಲ್ಲಿ ಯಾರೂ ತಲೆ ಎತ್ತಲಿಲ್ಲ. ಬಾವಿಕಟ್ಟೆಯಲ್ಲಿ ಎದುರಾದವರು ಮುಖ ತಿರುಗಿಸಿಕೊಂಡು ಹೋದರು. ಎಲ್ಲರೂ ಮತ್ತೊಬ್ಬರನ್ನು ಬೈದುಕೊಂಡರು, ತಾನೇನು ಹಾಕಿದೆನೆಂದು ಒಬ್ಬರೂ ಬಾಯಿಬಿಡಲಿಲ್ಲ.

ಮರುವರ್ಷ ಡಂಗುರ ಇನ್ನೂ ಬೇಗ ಬಂತು. ಮಾಳಿಂಗ ಕತ್ತರಿ ಹಿಡಿದು ಕುಳಿತ. ಅವನ ಮುದಿ ಕುರಿ ನಂಬಿಕೆಯಿಂದ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಅವನು ಉಣ್ಣೆ ಕತ್ತರಿಸಿದ. ಮೂರು ದಿನಕ್ಕೆ ಅದು ಅಂಗಳದಲ್ಲಿ ಸೆಟೆದು ಬಿದ್ದಿತ್ತು.

"ಅತ್ತಿ, ಇದನ್ನ ಚಳಿ ಕೊಂದಿಲ್ಲ, ನಾ ಕೊಂದೀನಿ," ಎಂದು ಮಾಳಿಂಗ ಅತ್ತ. "ಊರಿಗೆಲ್ಲ ಬಿಳೇದು ಹಾಕ್ರಿ ಅಂದೆ. ನಾ ಹಾಕಿದ್ದು ಕರೇದು."

ಕಲ್ಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನಾನೂ ಕರೇದ ಹಾಕೀನೋ ಯಪ್ಪಾ. ನಿನ್ನ ಮಾರಿ ನೋಡಾಕ ಆಗವಲ್ದಾಗಿತ್ತು ನನಗ."

ಒಲೆಯ ಪಕ್ಕದಲ್ಲಿದ್ದ ಗೊರವಂಕದ ರೆಕ್ಕೆಯಿಂದ ಒಂದು ಹಿಡಿ ಪುಕ್ಕ ಉದುರಿತು. ಇಬ್ಬರೂ ಅದನ್ನು ಕಂಡರು.

ಮಾಳಿಂಗ ಸತ್ತ ಕುರಿಯನ್ನು ಹೆಗಲಿಗೇರಿಸಿ ಮನೆಮನೆಗೆ ಹೋದ. ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿದ. ಕೆಲವರು ಥೂ ಎಂದು ಉಗಿದು ಬಾಗಿಲು ಹಾಕಿಕೊಂಡರು. ಮಿಕ್ಕವರು ಹೊಸ್ತಿಲ ಮೇಲೇ ಕುಸಿದು "ನಾನೂ" ಎಂದರು. ಒಬ್ಬೊಬ್ಬರು ಹಾಗೆಂದ ಹಾಗೆಲ್ಲ ಗೊರವಂಕ ಕುಗ್ಗುತ್ತ ಹೋಯಿತು. ಕೊನೆಗೆ ಸಾಸಿವೆ ಕಾಳಿನಷ್ಟಾಗಿ ಬೂದಿಯಲ್ಲಿ ಬಿತ್ತು. ಕುಹಕಾಂಗನ ಪ್ರಾಣ ಅದರಲ್ಲಿತ್ತು. ಅವನು ಸಿಂಹಾಸನದ ಪಕ್ಕದಲ್ಲೇ ಹೊಗೆಯಾಗಿ ಹೋದ.

ಬುಟ್ಟಿಗಳನ್ನು ಮತ್ತೆ ಇಟ್ಟರು. ಈ ಸಲ ಬಿಳಿ ಉಣ್ಣೆ ತುಂಬಿ ಚೆಲ್ಲಿತು. ರಾಜ ತಾನೇ ಕಿರೀಟ ತಂದುಕೊಟ್ಟು, "ನೆರೆಮನೆಯವರಾಗಿ ಬಂದು ಹೋಗಿ ಮಾಡುತ್ತಿರಿ" ಎಂದ. ಹಾಗೆಯೇ ನಡೆಯಿತು ಕೂಡ.

ಮೊದಲ ವರ್ಷ ಬಡಗುಡ್ಡದವರು ಯಾವಾಗ ಕತ್ತರಿಸಬೇಕೆಂದು ಚರ್ಚೆ ಮಾಡುತ್ತ ಕುಳಿತು, ತೀರಾ ತಡ ಮಾಡಿದರು. ಉಣ್ಣೆಗೆಲ್ಲ ಮುಳ್ಳು ಮೆತ್ತಿ ಅರ್ಧ ಹಾಳಾಯಿತು.

"ಈಗ ಯಾರನ್ನ ಬೈಯೋಣೋ?" ಎಂದಳು ಕಲ್ಲವ್ವ, ಮುಳ್ಳು ಆರಿಸುತ್ತ.

"ನಮ್ಮನ್ನ ನಾವ ಬೈಕೊಳ್ಳೂಣು, ಅತ್ತಿ."

ಇಬ್ಬರೂ ನಕ್ಕರು. ಹೊರಗೆ ಕುರಿಗಳು ಒಂದೂ ಸಾಯದೆ ಮೇಯುತ್ತಿದ್ದವು. ಮುಂದಿನ ವರ್ಷ ಹದ ತಿಳಿಯಿತು, ನಾಡು ಹಾಲುಂಡು ಸುಖವಾಗಿ ಬಾಳಿತು.

ಆದರೆ ಯಾರಾದರೂ ಮಕ್ಕಳಿಗೆ, "ಇವನೇ ನಮ್ಮ ಕಿರೀಟ ತಂದಾವ" ಎಂದು ಮಾಳಿಂಗನನ್ನು ತೋರಿಸಿದರೆ, ಅವನ ತಲೆ ತಾನಾಗಿ ತಗ್ಗುತ್ತಿತ್ತು.

"ಮೊದಲ ಸಲ ಬ್ಯಾಡ ಅಂದಾವನೂ ನಾನ," ಎನ್ನುತ್ತಿದ್ದ. "ಅದನ್ನೂ ಸೇರಿಸಿ ಹೇಳ್ರಿ."