ಸ್ಟೆಲ್ಲಾ ತಂದ ಮಂಜುಗಡ್ಡೆ

“ಪ್ರೇಮ, ನನ್ನ ಸ್ಟೆಲ್ಲಾಳನ್ನು ಯಾರೋ ಸಿಂಕಿಗೆ ಚೆಲ್ಲಿದ್ದಾರೆ ಮಾರಾಯ!”

ಮಸ್ಕತ್ತಿನ ಅಲ್ ಅಮೇರಾತಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು ಲಿಗೋರಿ ಹೀಗೆಂದಾಗ ನಾನು ಚಹಾದ ಲೋಟ ಕೆಳಗಿಟ್ಟು ಎದ್ದೆ. ಸ್ಟೆಲ್ಲಾ ತೀರಿಕೊಂಡು ವರ್ಷದ ಮೇಲಾಗಿತ್ತು. ದುಃಖದಲ್ಲಿ ಈ ಮನುಷ್ಯನ ತಲೆಗೆ ಏನೋ ಆಗಿದೆ ಎಂದೇ ನಾನು ಅಂದುಕೊಂಡೆ.

ನಮ್ಮವರು ಮಾತ್ರ ಗಾಬರಿಯಾಗಲಿಲ್ಲ. “ಕೂತ್ಕೋ ಲಿಗೋರಿ. ಐಸ್ ಡಬ್ಬಿಯ ವಿಷಯವಾ?” ಎಂದರು.

ನಮ್ಮವರು ಎಂದರೆ ಪ್ರೇಮನಾಥ, ನನ್ನ ಯಜಮಾನರು. ಹಡಗಿನಲ್ಲಿ ಬಂದ ಸರಕು ಹಾಳಾದರೆ ಅದು ಎಲ್ಲಿ, ಹೇಗೆ, ಯಾರ ಕೈಯಲ್ಲಿ ಹಾಳಾಯಿತು ಎಂದು ಪರೀಕ್ಷಿಸಿ ವಿಮೆಯವರಿಗೆ ಹೇಳುವ ಸರ್ವೇಯರ್. ಒದ್ದೆಯಾದ ಅಕ್ಕಿ, ಕೊಳೆತ ಸೇಬು, ಕರಗಿದ ಸಿಗಡಿ ನೋಡಿ ನೋಡಿ ಅವರ ಕಣ್ಣು ಪಳಗಿದೆ. ಮಸ್ಕತ್ತಿನ ನಮ್ಮ ಕರಾವಳಿಯವರಲ್ಲಿ ಯಾರ ಸರ ಕಳೆದರೂ, ಯಾರ ಮನೆಯಲ್ಲಿ ಯಾರ ಮೇಲೆ ಅನುಮಾನ ಬಂದರೂ ನಮ್ಮ ಮನೆಗೇ ಫೋನು. ಇಷ್ಟೆಲ್ಲ ಬುದ್ಧಿಯಿರುವ ಮನುಷ್ಯನಿಗೆ ಸ್ವಂತ ಕನ್ನಡಕ ಎಲ್ಲಿದೆಯೆಂದು ಮಾತ್ರ ನಾನೇ ಹುಡುಕಿಕೊಡಬೇಕು. ಅವರ ಪತ್ತೇದಾರಿಕೆಯಲ್ಲಿ ನಾನು ಸದಾ ಜೊತೆಗಿರುವುದಕ್ಕೆ ಅದೂ ಒಂದು ಕಾರಣ.

ಲಿಗೋರಿ ನಮ್ಮವರ ಹಳೆಯ ರೂಂಮೇಟ್. ಮದುವೆಗೆ ಮುಂಚೆ ಹಮ್ರಿಯಾದ ಒಂದು ಫ್ಲ್ಯಾಟಿನಲ್ಲಿ ನಮ್ಮೂರಿನ ಹುಡುಗರೆಲ್ಲ ಒಟ್ಟಿಗಿದ್ದರು. ಲಿಗೋರಿ ಹೋಟೆಲೊಂದರಲ್ಲಿ ಬೇಕರ್. ಮಿಕ್ಕ ಬ್ರೆಡ್ಡು ಅವನು ತಂದರೆ ಅದೇ ಎಲ್ಲರ ರಾತ್ರಿಯ ಊಟ. ಮದುವೆಗಳಾಗುತ್ತ ಒಬ್ಬೊಬ್ಬರೇ ಹೊರಟುಹೋದರು. ಲಿಗೋರಿ ಮಾತ್ರ ಅದೇ ಫ್ಲ್ಯಾಟಿಗೆ ಸ್ಟೆಲ್ಲಾಳನ್ನು ಕರೆತಂದ. ಮಗಳು ನಿಕೋಲ್ ಹುಟ್ಟಿ ಬೆಳೆದದ್ದೂ ಅಲ್ಲೇ. ಈಗ ಅದು ನಿಕೋಲ್ ಮತ್ತು ಅವಳ ಗಂಡ ಕ್ಲೇಟನ್‌ನ ಮನೆ. ಲಿಗೋರಿ ಅವರ ಜೊತೆಗಿದ್ದ.

ದುಡಿಮೆಯ ಕೊನೆಯ ಕೆಲವು ವರ್ಷ ಲಿಗೋರಿ ಹೋಟೆಲು ಬಿಟ್ಟು ಉತ್ತರಧ್ರುವದ ಕಡೆಗೆ ಪ್ರವಾಸಿಗರನ್ನು ಒಯ್ಯುವ ಸಣ್ಣ ಹಡಗಿನಲ್ಲಿ ಬೇಕರ್ ಆಗಿದ್ದ. ಅವನ ಕೊನೆಯ ಸೀಸನ್ನಿನಲ್ಲಿ ಕ್ಯಾಪ್ಟನ್ ದೊಡ್ಡ ಮನಸ್ಸು ಮಾಡಿ ಸ್ಟೆಲ್ಲಾಳಿಗೂ ಒಂದು ಪ್ರಯಾಣದಲ್ಲಿ ಜಾಗ ಕೊಟ್ಟ. ಬಂದ ಮೇಲೆ ಅವಳು ಅದನ್ನು ನನಗೆ ಹೇಳಿದ ಚೆಂದವೇ ಚೆಂದ! ಮುಳುಗದ ಸೂರ್ಯ, ಜನವಿಲ್ಲದ ಬೋಳು ಬೆಟ್ಟಗಳು, ದೂರದ ದಂಡೆಯಲ್ಲಿ ಮನುಷ್ಯರನ್ನು ಲೆಕ್ಕಕ್ಕಿಡದೆ ಹೋಗುವ ಬಿಳಿ ಕರಡಿ. ಯಾರದೋ ದೊಗಳೆ ಕೆಂಪು ಜಾಕೆಟ್ ತೊಟ್ಟು ಅವಳು ರಬ್ಬರ್ ದೋಣಿಯಲ್ಲಿ ಕೂತಿದ್ದಳಂತೆ. ಹಿಮನದಿಯಿಂದ ಮುರಿದು ತೇಲಿ ಬಂದ ತುಂಡೊಂದನ್ನು ಎತ್ತಿ ಕಿವಿಗೆ ಹಿಡಿದರೆ ಚಟಪಟ ಸದ್ದು. ಸಾವಿರಾರು ವರ್ಷ ಹಿಂದಿನ ಗಾಳಿ ಒಳಗೆ ಗುಳ್ಳೆಗಳಾಗಿ ಸಿಕ್ಕಿಬಿದ್ದು, ಐಸ್ ಕರಗುವಾಗ ಒಡೆದು ಹೊರಗೆ ಬರುತ್ತದಂತೆ. “ವಸಂತಿ, ಅದು ಮಾತಾಡ್ತದೆ ಗೊತ್ತುಂಟಾ?” ಎಂದಿದ್ದಳು. ಆ ತುಂಡನ್ನು ಥರ್ಮಾಸಿನಲ್ಲಿ ತುಂಬಿಸಿ ಮಸ್ಕತ್ತಿಗೆ ತಂದೇಬಿಟ್ಟಳು. ಮುಷ್ಟಿಯಷ್ಟು ಉಳಿದಿತ್ತು. ಅದರ ಮೈಯಲ್ಲಿ ಒಂದು ಬೂದು ಗೆರೆ, ಬೆಟ್ಟದ ಕಲ್ಲಿನ ಹುಡಿ. ಸ್ಟೀಲಿನ ಡಬ್ಬಿಗೆ ಹಾಕಿ ಸ್ಟೋರ್ ರೂಮಿನ ಫ್ರೀಜರಿನಲ್ಲಿಟ್ಟಳು. ಮುಂದಿನ ವರ್ಷ ಅವಳೇ ಇಲ್ಲವಾದಳು. ನನಗೆ ಅವಳಂಥ ಗೆಳತಿ ಈ ಊರಿನಲ್ಲಿ ಮತ್ತೆ ಸಿಕ್ಕಿಲ್ಲ.

“ಈಸ್ಟರಿನ ದಿನ ತೆಗೆದು ಒಂದು ಚೂರು ನೀರಿಗೆ ಹಾಕಿದ್ದೆ, ಮಾತಾಡಿತ್ತು,” ಎಂದ ಲಿಗೋರಿ. “ನಿನ್ನೆ ತೆಗೆದ್ರೆ ಡಬ್ಬಿಯಲ್ಲಿ ಬೇರೆಯೇ ಐಸು. ಚಪ್ಪಟೆ, ಮಬ್ಬು. ನೀರಿಗೆ ಹಾಕಿದ್ರೆ ಸದ್ದೇ ಇಲ್ಲ. ನಲ್ಲಿ ನೀರಿನ ಐಸ್ ಅದು! ಇದು ಕ್ಲೇಟನ್‌ನದ್ದೇ ಕೆಲಸ. ಮೀನಿಡ್ಲಿಕ್ಕೆ ಜಾಗ ಇಲ್ಲ ಅಂತ ಹೋದ ತಿಂಗಳು ಗೊಣಗಿದ್ದ. ಕೇಳಿದ್ರೆ ತಲೆ ತಗ್ಗಿಸಿ ನಿಂತ, ಒಂದು ಮಾತಿಲ್ಲ. ಖಲಾಸ್, ನನಗಿನ್ನು ಆ ಮನೆ ಬೇಡ. ಭಾನುವಾರಕ್ಕೆ ಟಿಕೆಟ್ ತೆಗೆದಿದ್ದೇನೆ. ಮಂಗಳೂರಿನಲ್ಲಿ ಯಾವುದಾದ್ರೂ ಆಶ್ರಮದಲ್ಲಿ ಇದ್ದುಬಿಡ್ತೇನೆ.”

“ಮತ್ತೆ ನನ್ನ ಹತ್ರ ಯಾಕೆ ಬಂದೆ?”

“ಅವನೇ ಅಂತ ನೀನೊಮ್ಮೆ ಹೇಳು. ಮಗಳು ನನ್ನ ಮಾತು ನಂಬುದಿಲ್ಲ.”

ಹೆಂಡತಿಯ ನೆನಪಿನ ಐಸ್ ಹೋಯಿತೆಂದು ಮಗಳನ್ನೂ ಕಳೆದುಕೊಳ್ಳಲು ಹೊರಟಿದ್ದ ಮನುಷ್ಯ. ನಾವು ಆಗಲೇ ಅವನೊಂದಿಗೆ ಹಮ್ರಿಯಾಕ್ಕೆ ಹೊರಟೆವು.

ಆ ಗಲ್ಲಿಗೆ ಹೋದರೆ ನಮ್ಮವರ ವಯಸ್ಸು ಇಳಿದುಬಿಡುತ್ತದೆ. ಇಲ್ಲಿ ಕ್ಯಾಸೆಟ್ ಅಂಗಡಿ ಇತ್ತು, ಇಲ್ಲಿ ಟೆಲಿಫೋನ್ ಬೂತಿಗೆ ಸಾಲು ನಿಲ್ಲುತ್ತಿದ್ದೆವು ಎಂದು ನೂರು ಸಲ ಹೇಳಿದ್ದನ್ನೇ ಹೇಳಿದರು. ಲಿಫ್ಟಿನಲ್ಲಿ ಹಳೆಯ ಬೇಸಿಗೆಗಳ ಕತೆ. ಮೇ ತಿಂಗಳೆಂದರೆ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತದೆ, ನಲ್ಲಿಗೆ ಕೈಯೊಡ್ಡುವಂತಿಲ್ಲ. ಆಗ ಗಲ್ಫಿನವರೆಲ್ಲ ಮಾಡುವುದನ್ನೇ ಇವರೂ ಮಾಡುತ್ತಿದ್ದರು. ಗೀಸರ್ ಆರಿಸಿ, ಅದರೊಳಗೆ ತಣಿದು ನಿಂತ ನೀರಿನಲ್ಲಿ ಸ್ನಾನ. ಬೇಸಿಗೆಯಲ್ಲಿ ಗೀಸರ್ ಹಾಕಿದವನಿಗೆ ಇಡೀ ರೂಮೇ ಸೇರಿ ಬೈಯುತ್ತಿತ್ತಂತೆ.

“ಬೈಯುವವ ಇವನೇ,” ಎಂದ ಲಿಗೋರಿ. ಅಷ್ಟು ಬೇಸರದಲ್ಲೂ ಅವನ ಮುಖದಲ್ಲಿ ಸಣ್ಣ ನಗು ಬಂತು.

ನಿಕೋಲ್ ಬಾಗಿಲು ತೆರೆದಳು. ಅತ್ತು ಕಣ್ಣು ಬಾತಿತ್ತು. “ಅಂಕಲ್, ನೀವಾದ್ರೂ ಪಪ್ಪಾನಿಗೆ ಹೇಳಿ. ಆಂಟಿ, ಇವರೂ ಬಾಯಿ ಬಿಡುದಿಲ್ಲ!” ಎಂದು ಗಂಡನ ಕಡೆ ಕೈ ತೋರಿಸಿದಳು. ಕ್ಲೇಟನ್ ಸೋಫಾದ ಮೂಲೆಯಲ್ಲಿದ್ದ. ನಮಸ್ಕಾರ ಎಂದವನು ಮತ್ತೆ ನೆಲ ನೋಡತೊಡಗಿದ.

ನಮ್ಮವರು ನೇರ ಸ್ಟೋರ್ ರೂಮಿಗೆ ಹೋದರು. ಡಬ್ಬಿ ತೆರೆದು ನೋಡಿದರು. ಒಳಗೆ ತೆಳ್ಳಗಿನ ಬಿಲ್ಲೆಯಂತೆ ಐಸು, ಅಂಚಿನವರೆಗೂ ಡಬ್ಬಿಯ ಆಕಾರಕ್ಕೇ ಕೂತಿತ್ತು. ಡಬ್ಬಿಯನ್ನು ಅಂಗೈಯಲ್ಲಿ ಕ್ಷಣ ಬೆಚ್ಚಗಾಗಿಸಿ, ಬಿಲ್ಲೆಯನ್ನು ಮಗುಚಿ, ಅಡಿಭಾಗವನ್ನು ಬೆರಳಿನಿಂದ ಉಜ್ಜಿ ನೋಡಿ ನನಗೂ ತೋರಿಸಿದರು. ಬೆರಳಿಗೆ ಬೂದು ಬಣ್ಣ ಹತ್ತಿತ್ತು. ಆಮೇಲೆ ಪರೋಟಾದ ಪ್ಯಾಕೆಟ್ಟು ತೆಗೆದರು. ಪರೋಟಾಗಳೆಲ್ಲ ಅಂಟಿ ಒಂದೇ ಮುದ್ದೆಯಾಗಿದ್ದವು.

“ಮೀನು ಎಲ್ಲಿ ನಿಕೋಲ್?”

“ಅಂಜಲ್ ಇತ್ತು ಅಂಕಲ್. ಖಾಲಿಯಾಯ್ತು ಅಂತ ಇವರು ಹೇಳಿದ್ರು.”

“ಈಸ್ಟರಿನ ನಂತರ ಮನೆ ಬೀಗ ಹಾಕಿ ಹೋದದ್ದುಂಟಾ?”

“ನೀವಿಬ್ಬರು ಊಟಕ್ಕೆ ಬಂದಿದ್ರಲ್ಲ, ಮೇ ತಿಂಗಳ ಆ ಶುಕ್ರವಾರ. ಊಟ ಆದ ಕೂಡ್ಲೇ ನಾವು ಬುರೈಮಿಗೆ ಹೋದದ್ದು, ಇವರ ಅಣ್ಣನ ಮನೆಗೆ. ಬಂದದ್ದು ಶನಿವಾರ ರಾತ್ರಿ.”

“ಆ ಊಟಕ್ಕೆ ಐಸ್‌ಕ್ರೀಮ್ ಕೊಟ್ಟಿದ್ದೆ ಅಲ್ವಾ? ಇದೇ ಫ್ರೀಜರಿನದ್ದಾ?”

“ಹೌದು. ಕಲ್ಲಿನ ಹಾಗೆ ಇತ್ತು. ಆಂಟಿಯ ಚಮಚ ಬಗ್ಗಿತ್ತಲ್ಲ!”

ನನಗೂ ನೆನಪಾಯಿತು. ಊಟದ ನಂತರ ಲಿಗೋರಿ ಮಂಡಿನೋವೆಂದು ಎಲ್ಲರಿಗಿಂತ ಮೊದಲು ಕೆಳಗಿಳಿದು ಕಾರಿನಲ್ಲಿ ಕೂತಿದ್ದ. ಕ್ಲೇಟನ್ ಚೀಲಗಳನ್ನು ಇಳಿಸುತ್ತಿದ್ದ. ನಾನು, ನಿಕೋಲ್ ಲಿಫ್ಟಿನ ಬಾಗಿಲು ಹಿಡಿದು ನಿಂತು, ಇನ್ನೂ ಕೈ ತೊಳೆಯುತ್ತಿದ್ದ ನಮ್ಮವರನ್ನು ಕೂಗಿ ಕೂಗಿ ಕರೆದಿದ್ದೆವು.

“ಈ ಫ್ರೀಜರಿಗೆ ಕರೆಂಟು ಎಲ್ಲಿಂದ?”

“ಬಾತ್‌ರೂಮ್ ರಿಪೇರಿ ಮಾಡಿಸುವಾಗ ಗೀಸರಿನ ಸ್ವಿಚ್ಚನ್ನು ಅಡುಗೆಮನೆಗೆ ಹಾಕಿಸಿದೆವು. ಪ್ಯಾಸೇಜಿನಲ್ಲಿದ್ದ ಹಳೆಯ ಸ್ವಿಚ್ಚಿನ ಲೈನನ್ನು ಇದಕ್ಕೆ ಎಳೆದದ್ದು.”

ನಮ್ಮವರು ಪ್ಯಾಸೇಜಿಗೆ ಬಂದರು. ಬಾತ್‌ರೂಮಿನ ಹೊರಗಿನ ಗೋಡೆಯಲ್ಲಿ ಆ ದೊಡ್ಡ ಸ್ವಿಚ್ಚು, ಅದರ ಕೆಂಪು ದೀಪ ಉರಿಯುತ್ತಿತ್ತು. ಅದು ಒತ್ತಿಹೋಗದಂತೆ ಯಾರೋ ಅಡ್ಡಡ್ಡ ಟೇಪು ಅಂಟಿಸಿದ್ದರು. ಸ್ವಿಚ್ಚಿನ ಮೇಲೆ ಹಳೆಯ ಧೂಳು, ಟೇಪು ಮಾತ್ರ ಹೊಚ್ಚ ಹೊಸದು. ನಮ್ಮವರು ಬೆರಳು ಚಾಚಿದವರು ಅರ್ಧದಲ್ಲೇ ನಿಂತರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ಯಾವ ಕೇಸಿನಲ್ಲೂ ನಾನದನ್ನು ಕಂಡಿರಲಿಲ್ಲ.

“ವಸಂತಿ, ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸು,” ಎಂದರು.

ಎಲ್ಲರೂ ಕೂತರು. ಇವರು ಮಾತ್ರ ನಿಂತೇ ಇದ್ದರು.

“ಲಿಗೋರಿ, ಮೊದಲನೇ ಮಾತು. ನಿನ್ನ ಐಸನ್ನು ಯಾರೂ ಚೆಲ್ಲಿಲ್ಲ, ಬದಲಾಯಿಸಲೂ ಇಲ್ಲ. ಅದು ಡಬ್ಬಿಯಲ್ಲೇ ಕರಗಿ, ಡಬ್ಬಿಯಲ್ಲೇ ಮತ್ತೆ ಗಟ್ಟಿಯಾಗಿದೆ. ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ ಸಿಗಡಿಯನ್ನು ನಾನು ದಿನಾ ನೋಡ್ತೇನೆ, ಪೆಟ್ಟಿಗೆ ಹೇಗಿದೆಯೋ ಹಾಗೆಯೇ ಆಗಿರ್ತದೆ. ಕರಗಿದಾಗ ಒಳಗಿನ ಗಾಳಿ ಹೋಯ್ತು, ಅದಕ್ಕೇ ಸದ್ದಿಲ್ಲ. ಆದ್ರೆ ಕಲ್ಲಿನ ಹುಡಿ ಎಲ್ಲಿಗೂ ಹೋಗಿಲ್ಲ, ಅಡಿಗೆ ಇಳಿದು ಕೂತಿದೆ. ನೋಡು.” ಬಿಲ್ಲೆಯನ್ನು ಮಗುಚಿ ತೋರಿಸಿದರು. “ನಮ್ಮ ನಲ್ಲಿಯಲ್ಲಿ ಉತ್ತರಧ್ರುವದ ಬೆಟ್ಟದ ಹುಡಿ ಬರುದಿಲ್ಲ.”

ಲಿಗೋರಿ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. “ಹಾಗಾದ್ರೆ ಇದು ಅವಳು ಮುಟ್ಟಿದ್ದೇ?”

“ಅದೇ ನೀರು. ಎರಡನೇದು, ಪರೋಟಾ ಮುದ್ದೆಯಾಗಿದೆ, ಮೀನು ಮಾಯ. ಅಂದ್ರೆ ಇಡೀ ಫ್ರೀಜರೇ ತುಂಬ ಹೊತ್ತು ನಿಂತಿತ್ತು. ಮನೆಯಲ್ಲಿ ಜನ ಇದ್ದಿದ್ರೆ ಗೊತ್ತಾಗ್ತಿತ್ತು, ಹಾಗಾಗಿ ಅದು ನಿಂತದ್ದು ನೀವು ಬುರೈಮಿಗೆ ಹೋದಾಗ. ಊಟದ ಹೊತ್ತಿಗೆ ಐಸ್‌ಕ್ರೀಮ್ ಕಲ್ಲಿನ ಹಾಗಿತ್ತು, ಹಾಗಾಗಿ ಸ್ವಿಚ್ಚು ಆರಿದ್ದು ಊಟದ ನಂತರ, ಬೀಗ ಹಾಕುವ ಮೊದಲು. ಮೂರನೇದು, ಆ ಟೇಪು. ಸ್ವಿಚ್ಚು ಆರಿದ್ದನ್ನು ಕಂಡು ಮತ್ತೆ ಹಾಕಿದವರೇ ಅದನ್ನು ಅಂಟಿಸಿದ್ದು. ಕ್ಲೇಟನ್, ಮೀನು ಖಾಲಿ ಅಂದದ್ದು ನೀನು. ಅಂದ್ರೆ ಎಸೆದದ್ದೂ ನೀನು.”

“ಹೌದು ಅಂಕಲ್. ಆದ್ರೆ ಆರಿಸಿದ್ದು ನಾನಲ್ಲ,” ಎಂದ ಕ್ಲೇಟನ್ ಮೆಲ್ಲಗೆ.

“ಗೊತ್ತು. ಆ ಸ್ವಿಚ್ಚು ಈಗ ಫ್ರೀಜರಿನದ್ದು ಅಂತ ನಿಮಗಿಬ್ಬರಿಗೂ ಗೊತ್ತುಂಟು, ನೀವು ಮುಟ್ಟುದಿಲ್ಲ. ಮೇ ತಿಂಗಳಲ್ಲಿ ಅಲ್ಲಿ ಕೆಂಪು ದೀಪ ಕಂಡು, ಯಾವ ಬೇವರ್ಸಿ ಗೀಸರ್ ಹಾಕಿಟ್ಟದ್ದು ಅಂತ ಆರಿಸಿ ಹೋಗುವವ ಈ ಫ್ಲ್ಯಾಟಿನ ಹಳೇ ಬ್ಯಾಚುಲರ್ ಮಾತ್ರ. ಆ ದಿನ ಅಂಥವರು ಇಬ್ಬರಿದ್ದರು. ಒಬ್ಬ ಊಟ ಮುಗಿಸಿ ಮೊದಲೇ ಕಾರಿನಲ್ಲಿ ಕೂತಿದ್ದ.”

ಲಿಫ್ಟಿನ ಬಾಗಿಲು ಹಿಡಿದು ನಾನು ಕೂಗಿದ್ದು ಯಾರನ್ನೆಂದು ನನಗೆ ಹೊಳೆದದ್ದು ಆಗ.

“ಕೈ ತೊಳೆಯುವಾಗ ನೀರು ಸುಟ್ಟಿತು,” ಎಂದರು ನಮ್ಮವರು. “ಹೊರಗೆ ಬಂದೆ, ದೀಪ ಕಾಣಿಸಿತು. ಆರಿಸಿದ ನೆನಪು ಕೂಡ ನನಗಿಲ್ಲ, ಬೆರಳು ತಾನಾಗಿ ಹೋಗಿರ್ತದೆ. ಆದ್ರೆ ಬೇರೆ ಯಾರೂ ಉಳಿಯುದಿಲ್ಲ. ಸ್ಟೆಲ್ಲಾಳ ಐಸ್ ಕರಗಿಸಿದ್ದು ನಾನು ಲಿಗೋರಿ. ನಿನ್ನ ಅಳಿಯ ಅಲ್ಲ.”

ಕಂಡವರ ತಪ್ಪು ಹುಡುಕಿ ಹೆಸರು ಮಾಡಿದ ಗಂಡ ಹೀಗೆ ಕೈಕಟ್ಟಿ ನಿಂತದ್ದು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ, ಎದ್ದು ಹೋಗಿ ಅವರ ಪಕ್ಕ ನಿಂತೆ. ಲಿಗೋರಿ ಮಾತ್ರ ಅವರನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಕ್ಲೇಟನ್ ಮೇಲಿತ್ತು.

“ನೀನು ಯಾಕೆ ಬಾಯಿ ಬಿಡಲಿಲ್ಲ? ನಾನು ಅಷ್ಟು ಬೈದೆನಲ್ಲ.”

ಕ್ಲೇಟನ್ ಮಾವನ ಕಡೆ ತಿರುಗಿದ. “ನೀವೇ ಆರಿಸಿದ್ದು ಅಂತ ತಿಳ್ಕೊಂಡೆ ಪಪ್ಪಾ. ಹಳೇದೆಲ್ಲ ಮಾತಾಡ್ತಾ ಇರ್ತೀರಲ್ಲ, ಮರೆವು ಶುರುವಾಯ್ತೋ ಏನೋ ಅಂತ ಹೆದರಿಕೆಯಾಯ್ತು. ಹೇಳಿದ್ರೆ ಮಮ್ಮಿಯ ಐಸನ್ನು ನೀವೇ ಕರಗಿಸಿದ್ದು ಅಂತ ಆಗ್ತಿತ್ತು. ನಿಮಗೆ ಅದು ತಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ ಅಂತ ಅನಿಸಿತು. ನನ್ನ ಮೇಲೆ ಸಿಟ್ಟು ಬಂದ್ರೆ ಬರಲಿ ಅಂತ ಸುಮ್ಮನಾದೆ.”

ನಿಕೋಲ್ ತಟ್ಟನೆ ತಲೆಯೆತ್ತಿದಳು. “ಅದಕ್ಕಾ ನೀವು ನೈಟ್ ಶಿಫ್ಟ್ ಕೇಳಿ ತಗೊಂಡದ್ದು? ಆಫೀಸಿನವರೇ ಹಾಕಿದ್ದು ಅಂತ ನನ್ನ ಹತ್ರ ಸುಳ್ಳು ಹೇಳಿದ್ರಾ?”

“ಹಗಲು ನೀನೂ ಕೆಲಸಕ್ಕೆ ಹೋಗ್ತಿ. ಪಪ್ಪಾನ ಹತ್ರ ಯಾರಾದ್ರೂ ಇರ್ಬೇಕಲ್ಲ.”

ಲಿಗೋರಿ ಡಬ್ಬಿಯನ್ನು ನಮ್ಮವರ ಕೈಗೆ ಕೊಟ್ಟು ಎದ್ದ. ನೋಯುವ ಮಂಡಿಯನ್ನು ಊರಿಕೊಂಡು ಹೋಗಿ ಅಳಿಯನ ಪಕ್ಕ ಕೂತು ಅವನ ಕೈ ಹಿಡಿದುಕೊಂಡ.

“ನನ್ನ ತಲೆ ಈಗ ಸರಿ ಉಂಟು ಪುತಾ,” ಎಂದ. “ಆದ್ರೆ ಮುಂದೊಂದು ದಿನ ನಿಜವಾಗಿಯೂ ಹೋದ್ರೆ, ಆಗಲೂ ನನಗೆ ಹೇಳಬೇಡ. ಈಗ ಮಾಡಿದ ಹಾಗೆಯೇ ಮಾಡು.”

ಕ್ಲೇಟನ್ ಆಗಲಿ ಎಂದು ತಲೆಯಾಡಿಸಿದ. ನಿಕೋಲ್ ಕಣ್ಣೊರೆಸಿಕೊಂಡು ಫೋನು ತೆಗೆದು ಭಾನುವಾರದ ಟಿಕೆಟ್ಟನ್ನು ರದ್ದು ಮಾಡಿದಳು.