ಕುರಿ ಕುಡಿಯದ ನೀರು

ಮೂರು ದಿನ. ಅಷ್ಟರಲ್ಲಿ ಕೆಂಜಗುಡ್ಡದಿಂದ ತಾಮ್ರದ್ದೋ ಬಂಗಾರದ್ದೋ ಒಂದು ಗಟ್ಟಿ ಗುರುತು ತರಬೇಕು, ಇಲ್ಲವಾದರೆ ಟೆಂಟು ಕಿತ್ತುಕೊಂಡು ಬರಬೇಕು. ಶೋಧನೆಯ ಮುಖ್ಯಸ್ಥ ಶಶಿಕಾಂತ ಇದನ್ನು ಫೋನಿನಲ್ಲಿ ಬೈಯದೆ ಹೇಳಿದ್ದರು. ಬೈದಿದ್ದರೇ ವಾಸಿಯಿತ್ತು ಎಂದು ಮಾನಸಿಗೆ ಅನಿಸಿತು.

ಮಾನಸಿ ತೇರದಾಳದ ಹುಡುಗಿ, ಭೂವಿಜ್ಞಾನಿ. ಒಂದು ತಂಡದ ಮುಂದಾಳಾಗಿ ಬಂದದ್ದು ಇದೇ ಮೊದಲು. ಬೀಳಗಿ ದಾಟಿದ ಮೇಲೆ ಸಿಗುವ ಕೆಂಜಗುಡ್ಡದಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಗಣಿ ಮುಚ್ಚಿ ಇಪ್ಪತ್ತು ವರ್ಷವಾಗಿದೆ. ಅಲ್ಲಿ ಕಬ್ಬಿಣ ಬಿಟ್ಟು ಬೇರೇನಾದರೂ ಉಳಿದಿದೆಯೇ ಎಂದು ನೋಡುವುದು ಅವಳ ಕೆಲಸ. ಹೋದ ತಿಂಗಳು ಕಲ್ಲಿನ ಪುಡಿಯಲ್ಲಿ ಬಂಗಾರ ಸಿಕ್ಕಿತ್ತು ಕೂಡ. ಕಚೇರಿಯಲ್ಲಿ ಪೇಡೆ ಹಂಚಿದ್ದರು. ಎರಡನೇ ಪರೀಕ್ಷೆಯಲ್ಲಿ ಬಂಗಾರ ಮಾಯ. ಅದು ಗುಡ್ಡದ ಬಂಗಾರವಲ್ಲ, ತುಕಾರಾಮನ ಬೆರಳಿನದು.

ತುಕಾರಾಮ ಜೀಪು ಓಡಿಸುವವನು, ಕಲ್ಲು ಒಡೆದು ಪುಡಿ ಮಾಡುವವನೂ ಅವನೇ. ಕಲ್ಲು ಮುಟ್ಟುವ ಮುಂಚೆ ಮೈಮೇಲಿನ ಬಂಗಾರವನ್ನೆಲ್ಲ ತೆಗೆದಿಡಬೇಕೆಂಬುದು ಈ ಕಸುಬಿನ ಮೊದಲ ಪಾಠ. ಆದರೆ ಅವನು ಹೊಸ ಅಳಿಯ. ಮದುವೆಯಲ್ಲಿ ಉಂಗುರ ತೊಡಿಸಿದ ಅತ್ತೆ ಸುಂದರವ್ವ, ವರ್ಷ ತುಂಬುವ ತನಕ ತೆಗೆಯಕೂಡದೆಂದು ಬೀರೇಶ್ವರನ ಆಣೆ ಹಾಕಿಸಿದ್ದಳು. ಬಡಪಾಯಿ ಉಂಗುರವನ್ನು ಕೈಗವಸಿನೊಳಗೆ ಮುಚ್ಚಿಟ್ಟುಕೊಂಡು ಕಲ್ಲು ಕುಟ್ಟಿದ್ದ. ಕೈಗವಸು ಹರಿದಿತ್ತು. ಈಗ ದೇವರಿಗೆ ತಪ್ಪುಕಾಯಿ ಒಡೆಸಿ, ಉಂಗುರವನ್ನು ಹೆಂಡತಿಯ ಕೈಗೆ ಕೊಟ್ಟು ಬಂದಿದ್ದ. ಅತ್ತೆ ಮಾತು ಬಿಟ್ಟಿದ್ದಳು. ಅದೊಂದು ಸುಖವೇ ಎಂದು ಅವನು ದಾರಿಯುದ್ದಕ್ಕೂ ಹೇಳಿಕೊಂಡು ನಕ್ಕ.

ಮುಧೋಳದಿಂದ ಹೊರಟ ಜೀಪು ಕಬ್ಬಿನ ಟ್ರ್ಯಾಕ್ಟರುಗಳ ಸಾಲನ್ನು ಹಿಂದಿಕ್ಕಿತು. ಹಸಿರು ತೆಳ್ಳಗಾಗುತ್ತ ಬಂದು, ಬೀಳಗಿಯ ಆಚೆ ಬರೀ ಕಲ್ಲು, ಜಾಲಿ, ಒಣಹುಲ್ಲು. ಕೆಂಜಗುಡ್ಡದ ಒಂದು ಮಗ್ಗುಲನ್ನು ಗಣಿಯವರು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಗಾಳಿ ಬೀಸಿದರೆ ಕೆಂಪು ಧೂಳು ಎದ್ದು ಹಲ್ಲಿನ ಸಂದಿಗೂ ಹೋಗುತ್ತಿತ್ತು. ಬುಡದಲ್ಲಿ ಟೆಂಟು ಹೊಡೆದರು. ದಾರಿ ತೋರಿಸಲು ಅಮಸಿದ್ದಪ್ಪ ಬಂದ. ಅರವತ್ತು ದಾಟಿದ ಕುರುಬ, ಹೆಗಲಮೇಲೆ ಕರಿ ಕಂಬಳಿ. ಮಾರ್ಚ್ ತಿಂಗಳ ಬಿಸಿಲಿಗೆ ಕಂಬಳಿ ಯಾಕೆಂದು ತುಕಾರಾಮ ಕೇಳಿದ್ದಕ್ಕೆ, ನಿನಗೆ ಚರ್ಮ ಯಾಕೆ ಎಂದು ತಿರುಗಿ ಕೇಳಿದ.

ಎರಡು ದಿನ ಹತ್ತಿದರು, ಇಳಿದರು, ಒಡೆದರು. ಕಲ್ಲಿಗೆ ಹಿಡಿದರೆ ಒಳಗಿನ ಲೋಹ ಹೇಳುವ ಪಿಸ್ತೂಲಿನಂಥ ಯಂತ್ರವೊಂದು ಟೆಂಟಿನಲ್ಲಿತ್ತು. ಅದು ಪ್ರತಿ ಕಲ್ಲಿಗೂ ಕಬ್ಬಿಣ, ಕಬ್ಬಿಣ ಎಂದೇ ತೋರಿಸಿತು.

ಮೂರನೇ ದಿನ ಮಧ್ಯಾಹ್ನ ಅಮಸಿದ್ದಪ್ಪನ ಹೆಂಡತಿ ಸಾವಕ್ಕ ಕುರಿ ಹೊಡೆದುಕೊಂಡು ಎದುರಾದಳು. ಪಕ್ಕದ ಕಣಿವೆಯಲ್ಲಿ ಹಸಿ ಹುಲ್ಲು, ಸಣ್ಣಗೆ ಹರಿಯುವ ನೀರು. ಆದರೂ ಅವಳು ಹುಯ್ ಹುಯ್ ಎಂದು ಕುರಿಗಳನ್ನು ಒಣ ದಿನ್ನೆಯ ಕಡೆಗೇ ತಿರುಗಿಸಿದಳು. ಮಾನಸಿ ಕಾರಣ ಕೇಳಿದಳು.

"ಆ ನೀರು ಕುರಿಗಿ ಆಗಿ ಬರೂದಿಲ್ರಿ ಬಾಯಾರ," ಅಂದ ಅಮಸಿದ್ದಪ್ಪ. "ನಮ್ಮ ಮುತ್ಯಾ ಒಂದ ಬ್ಯಾಸಗಿ ಅಲ್ಲೇ ಮೇಸಿದ್ದ. ನಲವತ್ತ ಕುರಿ ಸತ್ವು. ಸಂಗಾಟ ಇದ್ದ ಆಡಿಗಿ ಏನೂ ಆಗ್ಲಿಲ್ಲ. ಅವತ್ತಿಂದ ಭಂಡಾರ ಮುಟ್ಟಿ ಆಣಿ ಮಾಡೇವಿ, ಕುರಿ ಇಳಸೂದಿಲ್ಲ."

ಮಾನಸಿ ಹರಿಯುವ ನೀರಿನ ಕಡೆಗೆ ನೋಡಿದಳು. ಆಡು ತಾಳಿಕೊಳ್ಳುವ, ಕುರಿ ತಾಳಿಕೊಳ್ಳಲಾರದ ವಿಷ ಯಾವುದು? ಅವಳು ಓದಿದ್ದಳು: ತಾಮ್ರ.

ಕಣಿವೆಗೆ ಇಳಿಯೋಣವೇ ಎಂದು ಅವಳು ಕೇಳಿದಾಗ, ಆಣೆ ಇರುವುದು ಕುರಿಗೆ, ಮನುಷ್ಯರಿಗಲ್ಲ ಎಂದು ಅಮಸಿದ್ದಪ್ಪ ತೀರ್ಮಾನಿಸಿದ. ಸಂಚಿಯಿಂದ ಭಂಡಾರದ ಅರಿಶಿನ ತೆಗೆದು ಮೂವರ ಹಣೆಗೂ ಹಚ್ಚಿದ. ಇದರಲ್ಲಿ ಬಂಗಾರ ಗಿಂಗಾರ ಇಲ್ಲ ತಾನೇ ಎಂದು ತುಕಾರಾಮ ಕೇಳಿ ತಲೆಗೊಂದು ಮೊಟಕಿಸಿಕೊಂಡ.

ಹಗ್ಗ ಹಿಡಿದು ಇಳಿದರು. ಕಣಿವೆಯ ತುದಿಯಲ್ಲಿ ಗಣಿಯವರು ಬಿಟ್ಟುಹೋದ ಗೋಡೆಯಂಥ ಬಂಡೆ. ಎರಡಾಳೆತ್ತರದಲ್ಲಿ ಕಲ್ಲಿನ ಸೀಳಿನುದ್ದಕ್ಕೂ ತಾಮ್ರದ ಕಿಲುಬಿನಂಥ ಹಸಿರು ಕಲೆ! ತುಕಾರಾಮ ಚೀಲ ಹೆಗಲಿಗೆ ಹಾಕಿ ಹತ್ತಿದ. ಚಾಚಿದ ಕಲ್ಲಿನ ಮೇಲೆ ಕಾಲೂರಿ, ಚೀಲವನ್ನು ಪಕ್ಕದ ಕಲ್ಲಿನ ಮೊನೆಗೆ ನೇತುಹಾಕಿ ಸುತ್ತಿಗೆ ಬೀಸಿದ. ಸೀಳಿನ ನಾಲ್ಕು ಕಡೆಯಿಂದ ನಾಲ್ಕು ತುಂಡು ಚೀಲಕ್ಕೆ ಬಿದ್ದವು. ಐದನೇ ಏಟಿಗೆ ಬಂಡೆಯ ಮರೆಯಿಂದ ಗುಂಯ್ ಎಂಬ ಸದ್ದು.

ಹೆಜ್ಜೇನು.

ತುಕಾರಾಮ ಚೀಲ ಅಲ್ಲೇ ಬಿಟ್ಟು ಜಿಗಿದ. ಕಾಲು ಹೊರಳಿತು.

"ಓಡಬ್ಯಾಡ್ರಿ, ಕುಂಡ್ರಿ," ಎಂದು ಅಮಸಿದ್ದಪ್ಪ ಇಬ್ಬರನ್ನೂ ಕೆಳಕ್ಕೆಳೆದು ಮೇಲೆ ಕಂಬಳಿ ಮುಚ್ಚಿದ. ತಾನೂ ಒಳಗೆ ನುಗ್ಗಿ ಅಂಚುಗಳನ್ನು ಕಾಲಡಿ ಒತ್ತಿ ಹಿಡಿದ.

ಕಂಬಳಿಯ ಮೇಲೆ ಆಲಿಕಲ್ಲು ಬಿದ್ದಂತೆ ಹುಳ ಬಡಿದವು. ಒಳಗೆ ಕತ್ತಲೆ, ಕುರಿವಾಸನೆ, ಬೆವರು. ಒಂದು ತಾಸು, ಎರಡು ತಾಸು. ಕಂಬಳಿಯ ಬಗ್ಗೆ ತಾನು ಆಡಿದ ಮಾತನ್ನೆಲ್ಲ ತುಕಾರಾಮ ಪಿಸುದನಿಯಲ್ಲಿ ವಾಪಸು ತೆಗೆದುಕೊಂಡ.

ಸದ್ದು ಅಡಗಿದ ಮೇಲೆ ಇಣುಕಿದರು. ಹುಳ ಗೂಡಿಗೆ ಕೂತಿದ್ದವು. ಚೀಲ ಗೂಡಿನ ಕೆಳಗೇ ನೇತಾಡುತ್ತಿತ್ತು. ತುಕಾರಾಮನ ಕಾಲು ಕುಂಬಳಕಾಯಾಗಿತ್ತು. ಹೊತ್ತು ಮುಳುಗಲು ಇನ್ನು ಅರ್ಧ ತಾಸು. ಮಾನಸಿಯ ಮನೆಯವರು ಜೈನರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಅವಳೂ ಹಾಗೆಯೇ ಇರುವುದನ್ನು ಎರಡು ದಿನದಿಂದ ನೋಡಿದ್ದ ಅಮಸಿದ್ದಪ್ಪ ಬುತ್ತಿಯ ಗಂಟು ಬಿಚ್ಚಿ, ಮೊದಲು ರೊಟ್ಟಿ ಬೆಲ್ಲ ತಿನ್ನು, ಬೆಳಗಿನಿಂದ ಹಸಿದಿದ್ದೀ ಎಂದ. ಅವಳು ರೊಟ್ಟಿ ನೋಡಿದಳು, ಸೂರ್ಯನನ್ನು ನೋಡಿದಳು. ಬೆಳಕು ಒಂದೇ ಕೆಲಸಕ್ಕೆ ಸಾಲುವಷ್ಟಿತ್ತು.

"ಕಂಬಳಿ ಕೊಡ್ರಿ ಕಾಕಾ," ಅಂದಳು.

ತಲೆಯಿಂದ ಮೊಣಕಾಲ ತನಕ ಕಂಬಳಿ ಹೊದ್ದು ಹತ್ತಿದಳು. ಬೆರಳೂರಿ, ಕಾಲೂರಿ, ಉಸಿರು ಬಿಗಿಹಿಡಿದು. ಕಲ್ಲೊಂದು ಕಳಚಿ ಕೆಳಗೆ ಬಿತ್ತು. ಅವಳು ಅಲುಗಾಡಲಿಲ್ಲ. ಒಂದು ಹುಳ ಮಣಿಕಟ್ಟಿಗೆ ಕಡಿಯಿತು, ಇನ್ನೊಂದು ಬೆರಳಿಗೆ. ಕಣ್ಣಲ್ಲಿ ನೀರು ಬಂದರೂ ಕೈ ಹಿಂದಕ್ಕೆ ಬರಲಿಲ್ಲ. ಚೀಲದ ಪಟ್ಟಿ ಹಿಡಿದು ಇಂಚಿಂಚಾಗಿ ಎಳೆದುಕೊಂಡು ಇಳಿದಳು.

ತುಕಾರಾಮನನ್ನು ಎಳೆದು, ತಳ್ಳಿ, ಹೊತ್ತು ಟೆಂಟಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಮಾನಸಿ ಮೊದಲ ತುಂಡಿಗೆ ಯಂತ್ರ ಹಿಡಿದಳು. ತಾಮ್ರ. ಎರಡನೆಯದು, ಮೂರನೆಯದು, ನಾಲ್ಕನೆಯದು. ತಾಮ್ರ, ಒಳ್ಳೆಯ ತಾಮ್ರ. ಬಂಗಾರದ ವಿಷಯ ಪ್ರಯೋಗಶಾಲೆಯೇ ಹೇಳಬೇಕು, ಅವಳು ಅದರ ಗೊಡವೆಗೆ ಹೋಗಲಿಲ್ಲ. ನೆಲದ ಮೇಲೆ ಕೂತು ಅಷ್ಟೂ ದಿನದ ಅಳು ಅತ್ತಳು, ನಕ್ಕಳು. ಸಾವಕ್ಕ ತಂದ ಊಟವನ್ನು ಉಳಿದಿಬ್ಬರು ಉಂಡರು. ಅವಳು ಹಸಿದೇ ಮಲಗಿ ಗಾಢ ನಿದ್ದೆ ಮಾಡಿದಳು.

ಹೊತ್ತು ಮೂಡುವಾಗ ಸಾವಕ್ಕ ಮೂರು ಕಲ್ಲಿಟ್ಟು ಹಂಚು ಕಾಯಿಸಿದ್ದಳು. ಮಾನಸಿ ಮೂರನೇ ರೊಟ್ಟಿಯಲ್ಲಿದ್ದಾಗ ಫೋನು ಬಂತು. ಅವಳು ರಾತ್ರಿ ಕಳಿಸಿದ ತಾಮ್ರದ ಲೆಕ್ಕವನ್ನು ಶಶಿಕಾಂತ ಎರಡು ಸಲ ಓದಿದ್ದರು. ತುಂಡುಗಳನ್ನು ಸೀಳಿನ ಬೇರೆ ಬೇರೆ ಜಾಗದಿಂದ ಒಡೆದದ್ದು ಹೌದೇ ಎಂದು ಕೇಳಿದರು. ಬಾಯಲ್ಲಿ ರೊಟ್ಟಿ ತುಂಬಿಕೊಂಡೇ ಅವಳು ಹೌದೆಂದಳು. ಆಮೇಲೆ ಅವರು ಹೇಳಿದ್ದನ್ನು ಕೇಳಿ ಫೋನು ಕೆಳಗಿಟ್ಟಳು.

ಟೆಂಟಿನ ಗೂಟದ ಮೇಲೆ ಕೈಯಿಟ್ಟು ಕೂತಿದ್ದ ತುಕಾರಾಮ ಕೇಳಿದ: "ಏನಂದ್ರರಿ ಮೇಡಂ? ಕೀಳೂದೇನು?"

"ಇರ್ಬೇಕಂತ," ಅಂದಳು ಮಾನಸಿ.

ಸಾವಕ್ಕ ಇನ್ನೊಂದು ರೊಟ್ಟಿ ತಟ್ಟಲು ಹಿಟ್ಟು ತೆಗೆದುಕೊಂಡಳು.