ಓಬಯ್ಯನ ಮೂರು ನಿಂಬೆಹಣ್ಣು

ಬಹಳ ಹಿಂದೆ, ಏಳು ಕೆರೆ ದಾಟಿದರೆ ಸಿಗುತ್ತಿದ್ದ ತಾಮ್ರಗಿರಿ ರಾಜ್ಯದಲ್ಲಿ ಯಾರೂ ತಮ್ಮ ಯೋಗ್ಯತೆ ಮುಚ್ಚಿಡುವಂತಿರಲಿಲ್ಲ. ಪ್ರತಿಯೊಬ್ಬರ ತಾಯಿತದ ಮೇಲೂ ಬಲ, ಚುರುಕು, ಧೈರ್ಯದ ಅಂಕಗಳು ತಾವಾಗಿಯೇ ಮೂಡುತ್ತಿದ್ದವು. ಹಗ್ಗದ ಮೇಲೆ ನಡೆದು ಆಟ ತೋರಿಸುವ ಬೆಳ್ಳವ್ವನಿಗೆ ಬಲ ಎರಡು, ಚುರುಕು ಐದು, ಧೈರ್ಯ ಬರೀ ಒಂದು.

ಅವಳ ಅಣ್ಣ ಮಾರಗೊಂಡನನ್ನು ಮಾಂತ್ರಿಕ ಘಟಕೇತು ಕಲ್ಲು ಮಾಡಿ ತನ್ನ ಗುಹೆಯ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದ. ಬಿಡಿಸಲು ಹೋದ ಹನ್ನೆರಡು ಜಟ್ಟಿಗಳೂ ಕಬ್ಬಿಣದ ಕವಚದ ಸಮೇತ ಕಲ್ಲಾದರು. ಇನ್ನು ತಾನೇ ಹೋಗುವುದೆಂದು ಬೆಳ್ಳವ್ವ ಅರಮನೆಯ ಕವಚದ ಮನೆಗೆ ಬಂದು, ಇದ್ದುದರಲ್ಲಿ ದಪ್ಪನೆಯ ಕಬ್ಬಿಣವನ್ನೇ ಕೇಳಿದಳು.

ಕವಚ ಕಾಯುವ ಮುದುಕ ಓಬಯ್ಯ ಅದನ್ನು ತೊಡಿಸಿ ಮೂರು ನಿಂಬೆಹಣ್ಣು ಎಸೆದ. ಮೂರೂ ಠಣ್ ಠಣ್ ಎಂದು ಬಡಿದವು. ತೊಗಲಿನ ಕವಚ ತೊಡಿಸಿ ಎಸೆದ. ಒಂದೂ ತಾಕಲಿಲ್ಲ.

"ನೋಡವ್ವ, ಕಬ್ಬಿಣಕ್ಕೆ ರಕ್ಷೆಯ ಅಂಕ ಆರು. ಆದ್ರೆ ಅದರೊಳಗೆ ಹೊಕ್ಕವರ ಚುರುಕು ಲೆಕ್ಕಕ್ಕಿಲ್ಲ. ತೊಗಲಿಗೆ ಎರಡೇ, ಆದ್ರೆ ನಿನ್ನ ಐದೂ ಸೇರ್ತದೆ. ಏಳಾಯ್ತಲ್ಲ?"

"ಜಟ್ಟಿಗಳು ಯಾಕೆ ಸೋತರು ತಾತ?"

"ಅವರ ಮೈಗೆ ಏಟೇ ಬಿದ್ದಿಲ್ಲ. ಘಟಕೇತು ಹೆದರಿಸಿ ಕಲ್ಲು ಮಾಡ್ತಾನೆ. ಅದನ್ನ ತಡೆಯೋದು ಧೈರ್ಯ ಒಂದೇ. ಅದಕ್ಕೆ ತೊಡಿಸೋ ಕವಚ ನನ್ನ ಹತ್ರ ಇಲ್ಲ ತಾಯಿ."

ಬೆಳ್ಳವ್ವ ತಾಯಿತದ ಮೇಲಿನ ಧೈರ್ಯದ ಒಂದನ್ನು ನೋಡಿಕೊಂಡಳು. ಆದರೂ ತೊಗಲಿನ ಕವಚ ತೊಟ್ಟು ಹೊರಟಳು, ಅಣ್ಣನಲ್ಲವೇ!

ಗುಹೆಯ ಮುಂದೆ ಕೊಡಲಿಯಂಥ ಕೋರೆಯ ಹಂದಿ ನುಗ್ಗಿತು. ಪಕ್ಕಕ್ಕೆ ಜಿಗಿದಳು. ಕಬ್ಬಿಣದ ಕೊಕ್ಕಿನ ಬಕ ಕುಕ್ಕಿತು. ತೊಗಲು ಗೀರಿತೇ ಹೊರತು ಮೈಗೆ ತಾಕಲಿಲ್ಲ. ಮೂರನೆಯದಾಗಿ ಘಟಕೇತು ಕಣ್ಣು ತೆರೆದ. ಕಾಲಡಿಯ ನೆಲ ಮಾಯವಾಗಿ ತಳವಿಲ್ಲದ ಕಂದಕದ ಮೇಲೊಂದು ಹಗ್ಗ ಮಾತ್ರ ಉಳಿಯಿತು.

"ಕೆಳಗೆ ನೋಡು!" ಎಂದು ಅವನು ಗಹಗಹಿಸಿದ.

ಬೆಳ್ಳವ್ವ ನೋಡಿದಳು. ಮೊಣಕಾಲಿನ ತನಕ ಕಲ್ಲಾದಳು. ಆಗ, ಮೊದಲ ಸಲ ಹಗ್ಗ ಹತ್ತಿಸಿದ ದಿನ ಅಣ್ಣ ಹೇಳಿದ್ದು ನೆನಪಾಯಿತು: "ಹೆದರಿಕೆ ಆದ್ರೆ ಆಗಲಿ ತಂಗಿ, ನಡಿಗೆ ಮಾತ್ರ ನಿಲ್ಲಿಸಬೇಡ."

ಅಳುತ್ತಲೇ ಕಲ್ಲಿನ ಕಾಲನ್ನು ಎಳೆದು ಒಂದು ಹೆಜ್ಜೆ ಇಟ್ಟಳು. ಕಲ್ಲು ಬಿರಿಯಿತು. ಎರಡನೆಯ ಹೆಜ್ಜೆಗೆ ಉದುರಿತು. ಮೂರನೆಯ ಹೆಜ್ಜೆಗೆ ಅವನ ಮೂಗಿನ ಮುಂದೆಯೇ ನಿಂತಳು. ಅಷ್ಟು ಹತ್ತಿರ ಯಾರೂ ಬಂದವರಿರಲಿಲ್ಲ. ಧೈರ್ಯದ ಅಂಕ ಸೊನ್ನೆಯಾಗಿದ್ದ ಘಟಕೇತು ಕಿಟಾರನೆ ಕಿರುಚಿ ತಾನೇ ಕಲ್ಲಾದ. ಮಾರಗೊಂಡನೂ ಜಟ್ಟಿಗಳೂ ಆಕಳಿಸುತ್ತ ಎದ್ದರು.

"ಹೆದರಿಕೆ ಆಯ್ತಾ?" ಎಂದ ಅಣ್ಣ.

"ಜೀವ ಬಾಯಿಗೆ ಬಂದಿತ್ತು," ಎಂದಳು. ತಾಯಿತದಲ್ಲಿ ಧೈರ್ಯ ಆರಾಗಿತ್ತು.

ಊರಿಗೆ ಊರೇ ಹಬ್ಬ ಮಾಡಿತು. ಓಬಯ್ಯ ಆ ಮೂರು ನಿಂಬೆಹಣ್ಣಿಗೆ ಉಪ್ಪು ಖಾರ ಹಾಕಿ ಎಲ್ಲರ ಎಲೆಗೂ ಒಂದೊಂದು ಚೂರು ಬಡಿಸಿದ. ಅಣ್ಣ ತಂಗಿ ಮತ್ತೆ ಹಗ್ಗ ಕಟ್ಟಿ, ನೂರು ಊರುಗಳಲ್ಲಿ ಆಟವಾಡಿ ಸುಖವಾಗಿದ್ದರು. ಹಗ್ಗ ಹತ್ತುವಾಗ ಬೆಳ್ಳವ್ವನಿಗೆ ಆಮೇಲೂ ಕಾಲು ನಡುಗುತ್ತಿತ್ತು. ಅವಳು ನಡೆಯುತ್ತಲೇ ಇದ್ದಳು.